ಕೊನೇ ಪಂಕ್ತಿಯವರು ಮೊದಲೇ ಉಂಡೆದ್ದ ಕತೆ: ಪಾತ್ರೆ-ಹಾಸಿಗೆ ಅಂಗಡಿಯೊಂದು ಮುಳುಗಿದ್ದು ಹೇಗೆ?

ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನನ್ನ ದೊಡ್ಡಮ್ಮನ ಮಗಳ ಮನೆಯಲ್ಲಿ, ಅಡುಗೆಮನೆಯ ಒಂದು ಡ್ರಾಯರ್ ಪೂರ್ತಿ ನೀಲಿ ಬಣ್ಣದ ಕಾರ್ಡುಗಳು ತುಂಬಿರುತ್ತಿದ್ದವು. 2015ರಲ್ಲಿ ನಾನಿನ್ನೂ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ಪ್ರಾಜೆಕ್ಟ್ ಮೇಲೆ ಮೂರು ತಿಂಗಳು ಅಲ್ಲಿಗೆ ಹೋದಾಗ, ಬಾಡಿಗೆ ಮನೆಗೆ ದಿಂಬು, ಬೆಡ್‌ಶೀಟ್, ಅನ್ನ ಮಾಡೋಕೆ ಒಂದು ಪಾತ್ರೆ ಬೇಕಾಗಿತ್ತು. ಅಕ್ಕ ಆ ಡ್ರಾಯರ್‌ನಿಂದ ಒಂದು ಕಟ್ಟು ಕಾರ್ಡ್ ತೆಗೆದು ಕೈಗಿಟ್ಟಳು. ಒಂದು ಕಾರ್ಡಿಗೆ ಒಂದು ಸಾಮಾನಿನ ಮೇಲೆ ಶೇ. 20 ರಿಯಾಯಿತಿ.

‘ಅಕ್ಕಾ, ಇದರ ಡೇಟ್ ಮುಗಿದು ಎಂಟು ತಿಂಗಳಾಗಿದೆಯಲ್ಲ?’ ಅಂದೆ.

‘ಅವರು ಡೇಟ್ ನೋಡಲ್ಲ ಕಣೋ. ಐದು ಸಾಮಾನು ತಗೊಂಡ್ರೆ ಐದು ಕಾರ್ಡ್ ಕೊಡು, ಎಲ್ಲದಕ್ಕೂ ಹಾಕ್ತಾರೆ.’

ನಿಜಕ್ಕೂ ಹಾಕಿದರು. ಆ ಅಂಗಡಿಯ ಹೆಸರು ಬೆಡ್ ಬಾತ್ ಅಂಡ್ ಬಿಯಾಂಡ್. ಅಮೆರಿಕದಲ್ಲಿ ಹೊಸದಾಗಿ ಮನೆ ಮಾಡುವವರು, ಮೊದಲ ಸಲ ಹಾಸ್ಟೆಲ್ ಸೇರುವ ವಿದ್ಯಾರ್ಥಿಗಳು, ಮದುವೆಗೆ ಉಡುಗೊರೆ ಪಟ್ಟಿ ಬರೆಯುವ ಜೋಡಿಗಳು ಹೋಗುತ್ತಿದ್ದ ಅಂಗಡಿ. ಬೆಂಗಳೂರಿಂದ, ಮೈಸೂರಿಂದ, ಹುಬ್ಬಳ್ಳಿಯಿಂದ ಎಚ್1ಬಿ ವೀಸಾ ಹಿಡಿದು ಹೋದ ಎಷ್ಟೋ ಮನೆಗಳ ಮೊದಲ ಬಾಣಲೆ, ಮೊದಲ ಕಂಬಳಿ ಬಂದಿದ್ದು ಅಲ್ಲಿಂದಲೇ.

2023ರ ಏಪ್ರಿಲ್ 23ರಂದು ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಮೂರು ದಿನಕ್ಕೆ ನೀಲಿ ಕಾರ್ಡುಗಳು ರದ್ದಾದವು. ಜುಲೈ ಮುಗಿಯುವಷ್ಟರಲ್ಲಿ ಎಲ್ಲ ಮಳಿಗೆಗಳ ಬಾಗಿಲು ಮುಚ್ಚಿತು. ಅಕ್ಕ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದಳು. ಖಾಲಿ ರ‍್ಯಾಕುಗಳು, ಆ ರ‍್ಯಾಕುಗಳ ಮೇಲೂ ಬೆಲೆ ಚೀಟಿ.

‘ಅಮೆಜಾನ್ ಬಂತು, ಹಳೇ ಅಂಗಡಿ ಸತ್ತಿತು’ ಅಂತ ಎಲ್ಲರೂ ಒಂದೇ ಸಾಲಲ್ಲಿ ಕತೆ ಮುಗಿಸಿದರು. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಲೆಕ್ಕ ನೋಡಿದೆ. ದಿವಾಳಿ ಅರ್ಜಿಯಲ್ಲಿ ಕಂಪನಿ ತೋರಿಸಿದ ಸಾಲ ಸುಮಾರು 520 ಕೋಟಿ ಡಾಲರ್. 2004ರಿಂದ ಆಚೆಗೆ ಅದೇ ಕಂಪನಿ ತನ್ನದೇ ಷೇರುಗಳನ್ನು ತಾನೇ ಕೊಂಡುಕೊಳ್ಳಲು ಖರ್ಚು ಮಾಡಿದ್ದು ಸುಮಾರು 1,180 ಕೋಟಿ ಡಾಲರ್. ಅಂದರೆ, ಮುಳುಗಿಸಿದ ಸಾಲದ ಎರಡು ಪಟ್ಟಿಗಿಂತ ಹೆಚ್ಚು ದುಡ್ಡು ಅದೇ ಬಾಗಿಲಿಂದ ಆಚೆ ಹೋಗಿತ್ತು.

ಈ ಎರಡು ಅಂಕಿಗಳ ನಡುವೆ ಏನಾಯ್ತು ಅನ್ನೋದೇ ಈ ಲೇಖನ.

ಮ್ಯಾನೇಜರ್ ಮಾತಿಗೆ ಬೆಲೆ ಇದ್ದ ಕಾಲ

ವಾರೆನ್ ಐಸೆನ್‌ಬರ್ಗ್ ಮತ್ತು ಲೆನರ್ಡ್ ಫೈನ್‌ಸ್ಟೀನ್ ಎಂಬ ಇಬ್ಬರು ರಿಯಾಯಿತಿ ದರದ ಅಂಗಡಿ ಸರಣಿಯೊಂದರಲ್ಲಿ ಕೆಲಸ ಮಾಡುತ್ತಿದ್ದರು. 1971ರಲ್ಲಿ ಆ ಕೆಲಸ ಬಿಟ್ಟು ನ್ಯೂಜೆರ್ಸಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ‘ಬೆಡ್ ಎನ್ ಬಾತ್’ ಅಂತ ಸಣ್ಣ ಅಂಗಡಿ ತೆರೆದರು. ಹಾಸಿಗೆ ವಸ್ತ್ರ, ಟವೆಲ್, ಬಚ್ಚಲುಮನೆ ಸಾಮಾನು, ಇಷ್ಟೇ. 1987ರಲ್ಲಿ ಅಡುಗೆ ಪಾತ್ರೆಯೂ ಸೇರಿ ಅಂಗಡಿ ದೊಡ್ಡದಾದಾಗ ಹೆಸರಿಗೆ ‘ಬಿಯಾಂಡ್’ ಸೇರಿತು. 1992ರಲ್ಲಿ ಷೇರುಪೇಟೆಗೆ ಬಂತು.

ಇವರ ವ್ಯಾಪಾರದ ಗುಟ್ಟು ಎರಡು. ಒಂದು, ಪ್ರತಿ ಮಳಿಗೆಯ ಮ್ಯಾನೇಜರ್‌ಗೆ ತನ್ನ ಊರಿಗೆ ಯಾವ ಸಾಮಾನು ಬೇಕು ಅಂತ ನಿರ್ಧರಿಸುವ ಸ್ವಾತಂತ್ರ್ಯವಿತ್ತು. ಕಾಲೇಜು ಇರುವ ಊರಿನ ಅಂಗಡಿಗೂ ನಿವೃತ್ತರು ಹೆಚ್ಚಿರುವ ಊರಿನ ಅಂಗಡಿಗೂ ಒಂದೇ ಪಟ್ಟಿ ಇರಲಿಲ್ಲ. ಎರಡು, ಆ ನೀಲಿ ಕೂಪನ್. ಪೇಪರಿನಲ್ಲಿ ಟಿವಿಯಲ್ಲಿ ಜಾಹೀರಾತಿಗೆ ಸುರಿಯುವ ದುಡ್ಡನ್ನು ಗಿರಾಕಿಗೇ ರಿಯಾಯಿತಿ ಕೊಟ್ಟರೆ ಅವರೇ ತಿರುಗಿ ಬರುತ್ತಾರೆ ಎಂಬ ಲೆಕ್ಕ. ನಮ್ಮ ಚಿಕ್ಕಪೇಟೆಯ ಪಾತ್ರೆ ಅಂಗಡಿಯವರು ‘ನಿಮಗಂತ ಕಡಿಮೆ ಮಾಡಿ ಕೊಡ್ತೀನಿ ತಗೊಳ್ಳಿ’ ಅನ್ನುವುದರಲ್ಲೂ ಇದೇ ಲೆಕ್ಕ ಇರೋದು.

ಈ ಎರಡೂ ಬಹಳ ಕಾಲ ಚೆನ್ನಾಗಿ ನಡೆದವು. ಬೇರೆ ಬೇರೆ ಹೆಸರಿನ ಸೋದರ ಮಳಿಗೆಗಳೂ ಸೇರಿ ಒಂದು ಹಂತದಲ್ಲಿ 1,500ಕ್ಕೂ ಹೆಚ್ಚು ಅಂಗಡಿಗಳು. ವರ್ಷದ ವಹಿವಾಟು 1,230 ಕೋಟಿ ಡಾಲರ್ ದಾಟಿತು. ಮುಖ್ಯ ವಿಷಯ ಏನಂದ್ರೆ, 2014ರವರೆಗೆ ಈ ಕಂಪನಿಗೆ ಹೇಳಿಕೊಳ್ಳುವಂಥ ಸಾಲವೇ ಇರಲಿಲ್ಲ.

ಹತ್ತು ಒಬ್ಬಟ್ಟಿನ ಲೆಕ್ಕ

ಬೈಬ್ಯಾಕ್ ಅಂದರೇನು? ಕಂಪನಿ ತನ್ನ ದುಡ್ಡಲ್ಲಿ ತನ್ನದೇ ಷೇರುಗಳನ್ನು ಷೇರುದಾರರಿಂದ ವಾಪಸ್ ಕೊಂಡು ರದ್ದು ಮಾಡುವುದು. ಎಂಜಿನಿಯರಿಂಗ್ ಓದಿದವನಾದ್ದರಿಂದ ಒಂದು ಚಿಕ್ಕ ಲೆಕ್ಕ ಹಾಕದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಒಂದು ಕಂಪನಿಗೆ ವರ್ಷಕ್ಕೆ 100 ರೂಪಾಯಿ ಲಾಭ. ಷೇರು ಹತ್ತು. ಪ್ರತಿ ಷೇರಿಗೆ 10 ರೂಪಾಯಿ ಲಾಭ. ಕಂಪನಿ ಎರಡು ಷೇರನ್ನು ಕೊಂಡು ರದ್ದು ಮಾಡಿತು. ಉಳಿದಿದ್ದು ಎಂಟು. ಲಾಭ ಅದೇ 100. ಈಗ ಪ್ರತಿ ಷೇರಿಗೆ ಹನ್ನೆರಡೂವರೆ ರೂಪಾಯಿ. ಒಂದೇ ಒಂದು ಬಾಣಲೆ ಹೆಚ್ಚಿಗೆ ಮಾರದೆ ‘ಪ್ರತಿ ಷೇರಿನ ಗಳಿಕೆ’ ಶೇ. 25 ಜಾಸ್ತಿ! ಹತ್ತು ಜನರ ಊಟಕ್ಕೆ ಮಾಡಿದ ಒಬ್ಬಟ್ಟನ್ನು ಎಂಟು ಜನರಿಗೆ ಬಡಿಸಿ, ‘ನೋಡಿ, ಈ ಸಲ ಹೂರಣ ಜಾಸ್ತಿ ಮಾಡಿದ್ದೀವಿ’ ಅಂದ ಹಾಗೆ. ಬಿಟ್ಟುಹೋದ ಇಬ್ಬರಿಗೆ ಕೊಟ್ಟ ದುಡ್ಡು ಅಡುಗೆಮನೆಯ ದಿನಸಿ ಡಬ್ಬದಿಂದಲೇ ಹೋಗಿರುತ್ತದೆ, ಅದು ಎಲೆಯ ಮುಂದೆ ಕೂತವರಿಗೆ ಕಾಣಿಸುವುದಿಲ್ಲ.

ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಮುಖ್ಯಸ್ಥರ ಸಂಭಾವನೆಯ ದೊಡ್ಡ ಪಾಲು ಷೇರಿನ ರೂಪದಲ್ಲೇ ಇರುತ್ತದೆ. ಎಷ್ಟೋ ಕಡೆ ಬೋನಸ್ ಕೂಡ ಇಂಥ ಅಂಕಿಗಳಿಗೇ ತಗುಲಿಹಾಕಿಕೊಂಡಿರುತ್ತದೆ. ಹಾಗಾಗಿ ನಿರ್ಧಾರ ಮಾಡುವವರಿಗೇ ಬೈಬ್ಯಾಕ್‌ನಲ್ಲಿ ಲಾಭ ಇರುತ್ತದೆ.

ಇದು ಮೊದಲಿನಿಂದಲೂ ಹೀಗೇ ಇರಲಿಲ್ಲ. ಕಂಪನಿ ತನ್ನ ಷೇರನ್ನು ತಾನೇ ಪೇಟೆಯಲ್ಲಿ ಕೊಂಡರೆ ಬೆಲೆಯನ್ನು ಕೃತಕವಾಗಿ ಏರಿಸಿದ ಆರೋಪ ಬರಬಹುದು ಎಂಬ ಭಯ ಅಮೆರಿಕದಲ್ಲಿತ್ತು. 1982ರಲ್ಲಿ, ರೇಗನ್ ಕಾಲದಲ್ಲಿ, ಅಲ್ಲಿನ ಷೇರುಪೇಟೆ ನಿಯಂತ್ರಕ ಸಂಸ್ಥೆ 10ಬಿ-18 ಎಂಬ ನಿಯಮ ತಂದಿತು. ಇಂತಿಷ್ಟು ಮಿತಿಯೊಳಗೆ, ಇಂತಿಂಥ ರೀತಿಯಲ್ಲಿ ಕೊಂಡರೆ ಆ ಆರೋಪದಿಂದ ರಕ್ಷಣೆ ಅಂತ ಹೇಳಿತು. ಬಾಗಿಲು ತೆರೆದುಕೊಂಡಿತು. ಅದಾದ 40 ವರ್ಷಕ್ಕೆ, 2022ರ ಕಾಯ್ದೆಯ ಮೂಲಕ, ಬೈಬ್ಯಾಕ್ ಮೇಲೆ ಶೇ. 1ರಷ್ಟು ತೆರಿಗೆ ಹಾಕಿದರು. ಬೆಡ್ ಬಾತ್ ಮಟ್ಟಿಗೆ ಅಷ್ಟೊತ್ತಿಗೆ ಎಲ್ಲ ಮುಗಿದಿತ್ತು.

2014: ಸಾಲ ಮಾಡಿ ತುಪ್ಪ

ಹೆಚ್ಚುವರಿ ದುಡ್ಡಿದ್ದಾಗ ಷೇರುದಾರರಿಗೆ ಹಂಚುವುದರಲ್ಲಿ ತಪ್ಪಿಲ್ಲ, ಇದು ಬೈಬ್ಯಾಕ್ ಪರ ಇರುವವರ ವಾದ. ಒಪ್ಪೋಣ. ಆದರೆ 2014ರಲ್ಲಿ ಬೆಡ್ ಬಾತ್ ಮಾಡಿದ್ದು ಅದನ್ನಲ್ಲ. ಸಾಲವೇ ಇಲ್ಲದ ಆ ಕಂಪನಿ ಬಾಂಡ್ ಮೂಲಕ 150 ಕೋಟಿ ಡಾಲರ್ ಸಾಲ ಎತ್ತಿತು. ಅದರಲ್ಲಿ 110 ಕೋಟಿ ಡಾಲರನ್ನು ಒಂದೇ ಏಟಿಗೆ ಷೇರು ಕೊಳ್ಳಲು ಹಾಕಿತು. ಆ ಬಾಂಡುಗಳಲ್ಲಿ ಹೆಚ್ಚಿನ ಪಾಲನ್ನು ತೀರಿಸಬೇಕಾದ ವರ್ಷ 2044. ಕಂಪನಿ 2023ರಲ್ಲೇ ಕಣ್ಣು ಮುಚ್ಚಿತು.

ಆ ಹೊತ್ತಿನಲ್ಲಿ ಚಿಲ್ಲರೆ ವ್ಯಾಪಾರದ ಜಗತ್ತು ಹೇಗಿತ್ತು ನೆನಪಿಸಿಕೊಳ್ಳಿ. ಜನ ಫೋನಿನಲ್ಲೇ ಬೆಲೆ ಹೋಲಿಸಿ ನೋಡುತ್ತಿದ್ದರು. ಬೆಡ್ ಬಾತ್ ಅಂಗಡಿಗೆ ಬಂದು ಟವೆಲ್ ಮುಟ್ಟಿ ನೋಡಿ, ಅಲ್ಲೇ ನಿಂತು ಅಮೆಜಾನ್‌ನಲ್ಲಿ ಆರ್ಡರ್ ಮಾಡುವವರೂ ಇದ್ದರು. ವೆಬ್‌ಸೈಟ್, ಗೋದಾಮು, ಸಾಮಾನು ಎಲ್ಲಿ ಎಷ್ಟಿದೆ ಅಂತ ತಿಳಿಸುವ ಸಾಫ್ಟ್‌ವೇರ್, ಇವಕ್ಕೆಲ್ಲ ದುಡ್ಡು ಸುರಿಯಬೇಕಾದ ಕಾಲ ಅದೇ ಆಗಿತ್ತು. ಬಿತ್ತನೆಗೆ ಇಟ್ಟ ಜೋಳವನ್ನು ಬೀಸಿ ರೊಟ್ಟಿ ತಟ್ಟಿದರೆ ಆ ದಿನದ ಊಟವೇನೋ ಚೆನ್ನಾಗೇ ಆಗುತ್ತದೆ. 2015ರ ಆರಂಭದಲ್ಲಿ ಷೇರು ಬೆಲೆ ಹತ್ತಿರ ಹತ್ತಿರ 80 ಡಾಲರ್ ಮುಟ್ಟಿತ್ತು. ನಾನು ಐದು ಕಾರ್ಡ್ ಹಿಡಿದು ಬಿಲ್ ಕೌಂಟರಿನಲ್ಲಿ ನಿಂತಿದ್ದು ಅದೇ ವರ್ಷ. ಅಲ್ಲಿಂದ ಆಚೆಗೆ ಇಳಿಜಾರೇ.

ಇಲ್ಲೊಂದು ಮಾತು ಹೇಳಲೇಬೇಕು. ಅಡುಗೆ ಸಾಮಾನು ಮಾರುವ ವಿಲಿಯಮ್ಸ್-ಸೊನೋಮಾ ಕೂಡ ಬೈಬ್ಯಾಕ್ ಮಾಡುತ್ತದೆ. ಅದು ಮುಳುಗಲಿಲ್ಲ. ಯಾಕಂದ್ರೆ ಅವರ ವಹಿವಾಟಿನ ಅರ್ಧಕ್ಕಿಂತ ಹೆಚ್ಚು ಆನ್‌ಲೈನ್‌ನಿಂದಲೇ ಬರುತ್ತದೆ. ಅಂಗಡಿಯನ್ನು ಮೊದಲು ಕಾಲಕ್ಕೆ ತಕ್ಕಂತೆ ಕಟ್ಟಿದರು, ಆಮೇಲೆ ಹಂಚಿದರು. ಹಾಗಾಗಿ ‘ಬೈಬ್ಯಾಕ್ ಮಾಡಿದವರೆಲ್ಲ ಮುಳುಗುತ್ತಾರೆ’ ಅಂತ ನಾನು ಹೇಳುತ್ತಿಲ್ಲ. ಯಾವುದಕ್ಕೆ ಮೊದಲ ದುಡ್ಡು, ಯಾವುದಕ್ಕೆ ಉಳಿದ ದುಡ್ಡು ಅನ್ನೋ ಕ್ರಮ ತಿರುಗುಮುರುಗಾದರೆ ಏನಾಗುತ್ತದೆ ಅನ್ನೋದಕ್ಕೆ ಬೆಡ್ ಬಾತ್ ಉದಾಹರಣೆ.

ಕೂಪನ್ ತೆಗೆದರು, ಮನೆ ಮಾರಿದರು

ಷೇರು ಬೆಲೆ ಬಿದ್ದ ಮೇಲೆ 2019ರಲ್ಲಿ ಮೂರು ಹೂಡಿಕೆ ಸಂಸ್ಥೆಗಳು ಒಟ್ಟಾಗಿ ಆಡಳಿತ ಮಂಡಳಿಯ ಮೇಲೆ ಒತ್ತಡ ತಂದವು. ಹಳೆಯ ಸಿಇಒ ಇಳಿದರು. ಟಾರ್ಗೆಟ್ ಕಂಪನಿಯಲ್ಲಿ ಹೆಸರು ಮಾಡಿದ್ದ ಮಾರ್ಕ್ ಟ್ರಿಟನ್ ಅದೇ ವರ್ಷದ ಕೊನೆಗೆ ಹೊಸ ಸಿಇಒ ಆಗಿ ಬಂದರು.

ಅವರ ಯೋಜನೆ ಕಾಗದದ ಮೇಲೆ ಚೆನ್ನಾಗಿತ್ತು. ಅಂಗಡಿಯಲ್ಲಿ ಚಾವಣಿವರೆಗೆ ತುಂಬಿದ್ದ ಸಾಮಾನು ಕಡಿಮೆ ಮಾಡಿದರು. ಕೂಪನ್‌ಗಳನ್ನು ಹಿಂದಕ್ಕೆ ಎಳೆದರು. ಹೆಸರಾಂತ ಬ್ರ್ಯಾಂಡುಗಳ ಜಾಗಕ್ಕೆ ಕಂಪನಿಯದ್ದೇ ಹೊಸ ಬ್ರ್ಯಾಂಡುಗಳನ್ನು ತಂದರು. ಸ್ವಂತ ಬ್ರ್ಯಾಂಡಿನಲ್ಲಿ ಲಾಭದ ಅಂಶ ಜಾಸ್ತಿ. ಟಾರ್ಗೆಟ್‌ನಲ್ಲಿ ಇದು ಕೆಲಸ ಮಾಡಿತ್ತು.

ಆದರೆ ಬೆಡ್ ಬಾತ್‌ಗೆ ಬರುತ್ತಿದ್ದ ಗಿರಾಕಿ ಬೇರೆ. ಅವರಿಗೆ ಗೊತ್ತಿರುವ ಕಂಪನಿಯ ಮಿಕ್ಸರ್, ಗೊತ್ತಿರುವ ಕಂಪನಿಯ ಕಾಫಿ ಮಷಿನ್ ಬೇಕು, ಅದರ ಮೇಲೆ ಶೇ. 20 ಕಡಿತ ಬೇಕು. ಇಲ್ಲಿ ಮಿಕ್ಸರೂ ಕಾಣಲಿಲ್ಲ, ಕೂಪನ್ನೂ ನಡೆಯಲಿಲ್ಲ. ಊರಿಗೆ ತಕ್ಕ ಸಾಮಾನು ತರಿಸುತ್ತಿದ್ದ ಮ್ಯಾನೇಜರ್‌ಗಳ ಸ್ವಾತಂತ್ರ್ಯವೂ ಕಡಿಮೆಯಾಯಿತು. ಅದರ ಮೇಲೆ ಕೋವಿಡ್, ಬಂದರುಗಳಲ್ಲಿ ಸಿಕ್ಕಿಬಿದ್ದ ಕಂಟೇನರುಗಳು.

ಇದೇ ಹೊತ್ತಿನಲ್ಲಿ ಕಂಪನಿ ಮನೆಯ ಒಂದೊಂದೇ ಒಡವೆ ಮಾರುತ್ತಿತ್ತು. 2020ರ ಜನವರಿಯಲ್ಲಿ ತನ್ನದೇ ಕಟ್ಟಡಗಳನ್ನು 25 ಕೋಟಿ ಡಾಲರಿಗೂ ಹೆಚ್ಚಿನ ಮೊತ್ತಕ್ಕೆ ಮಾರಿ, ಅದೇ ಕಟ್ಟಡಗಳಲ್ಲಿ ಬಾಡಿಗೆಗೆ ಕೂತಿತು. ಆ ವರ್ಷವೇ ಸೋದರ ಕಂಪನಿಗಳನ್ನು ಒಂದೊಂದಾಗಿ ಮಾರಿತು. ಬಂದ ದುಡ್ಡಲ್ಲಿ ಏನು ಮಾಡಿದರು ಅಂತೀರಿ? ಮೂರು ವರ್ಷಕ್ಕೆ ಅಂತ ಹಾಕಿಕೊಂಡಿದ್ದ 100 ಕೋಟಿ ಡಾಲರಿನ ಬೈಬ್ಯಾಕ್ ಯೋಜನೆಯನ್ನು, ಅವಧಿಗೆ ಎರಡು ವರ್ಷ ಮೊದಲೇ, 2022ರ ಫೆಬ್ರವರಿ ಹೊತ್ತಿಗೆ ಮುಗಿಸಿ ಹೆಮ್ಮೆಯಿಂದ ಪ್ರಕಟಣೆ ಕೊಟ್ಟರು!

ಆ ಹಣಕಾಸು ವರ್ಷ ಕಂಪನಿಗೆ ಸುಮಾರು 56 ಕೋಟಿ ಡಾಲರ್ ನಷ್ಟ. ಅದೇ ವರ್ಷ ಬೈಬ್ಯಾಕ್‌ಗೆ ಹೋದದ್ದು ಸುಮಾರು 59 ಕೋಟಿ ಡಾಲರ್. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಅಂತಾರೆ. ಇವರು ಕುಡಿಕೆಯನ್ನೂ ಮಾರಿದ್ದರು.

ಎತ್ತರದಲ್ಲಿ ಕೊಂಡು, ಪಾತಾಳದಲ್ಲಿ ಮಾರಿದ್ದು

2022ರ ಜೂನ್‌ನಲ್ಲಿ ಟ್ರಿಟನ್ ಹೊರಹೋದರು. ಆಗಸ್ಟ್ ಕೊನೆಗೆ ಸುಮಾರು 150 ಮಳಿಗೆ ಮುಚ್ಚುವ ತೀರ್ಮಾನ ಬಂತು. ಈ ನಡುವೆ ಷೇರುಪೇಟೆಯಲ್ಲಿ ಇನ್ನೊಂದು ನಾಟಕ. ಗೇಮ್‌ಸ್ಟಾಪ್ ಕಂಪನಿಯ ಅಧ್ಯಕ್ಷ ರಯಾನ್ ಕೋಹೆನ್ ಆ ವರ್ಷದ ಮಾರ್ಚ್‌ನಲ್ಲಿ ಬೆಡ್ ಬಾತ್‌ನ ಸುಮಾರು ಹತ್ತನೇ ಒಂದು ಭಾಗ ಷೇರು ಹಿಡಿದಿದ್ದಾರೆ ಅಂತ ಸುದ್ದಿಯಾಯಿತು. ರೆಡಿಟ್ ಯುವಕರು ಹಿಂದೆ ಬಿದ್ದರು. ಆಗಸ್ಟ್‌ನಲ್ಲಿ ಬೆಲೆ ದಿಢೀರನೆ ಏರಿತು. ಕೋಹೆನ್ ಅದೇ ತಿಂಗಳು ತಮ್ಮ ಪಾಲು ಪೂರ್ತಿ ಮಾರಿ ಹೊರಟರು. ಬೆಲೆ ಕುಸಿಯಿತು. ಮೊಬೈಲಿನಲ್ಲಿ ಷೇರು ಕೊಂಡು ಕೂತಿದ್ದ ಸಣ್ಣವರು ಅಲ್ಲೇ ಉಳಿದರು.

ಮುಂದಿನದು ಇನ್ನೂ ವಿಚಿತ್ರ. ಸಾಮಾನು ಸರಬರಾಜು ಮಾಡುವವರು ಕಡ ಕೊಡುವುದನ್ನು ನಿಲ್ಲಿಸಿದರು. ‘ದುಡ್ಡು ಮೊದಲು, ಸಾಮಾನು ಆಮೇಲೆ’ ಅಂದರು. ರ‍್ಯಾಕುಗಳು ಖಾಲಿಯಾದವು. ಖಾಲಿ ರ‍್ಯಾಕು ನೋಡಿ ಗಿರಾಕಿ ಬರಲಿಲ್ಲ, ಗಿರಾಕಿ ಬಾರದೆ ದುಡ್ಡು ಬರಲಿಲ್ಲ. ಆಗ ಕಂಪನಿ ದುಡ್ಡು ಹುಟ್ಟಿಸಲು ಹೊಸ ಷೇರುಗಳನ್ನು ಮುದ್ರಿಸಿದಂತೆ ಪೇಟೆಗೆ ಬಿಟ್ಟಿತು. 2023ರ ವಸಂತದಲ್ಲಿ ಒಂದು ಷೇರಿನ ಬೆಲೆ ಒಂದು ಡಾಲರಿಗೂ ಕೆಳಗಿತ್ತು.

ಒಮ್ಮೆ ಯೋಚನೆ ಮಾಡಿ. ಸಾಲ ಮಾಡಿ, ಹತ್ತಾರು ಡಾಲರ್ ಕೊಟ್ಟು ಒಂದೊಂದು ಷೇರನ್ನು ವಾಪಸ್ ಕೊಂಡ ಕಂಪನಿ, ಕೊನೆಗೆ ಬದುಕುಳಿಯಲು ಅದೇ ಷೇರನ್ನು ಚಿಲ್ಲರೆ ಕಾಸಿಗೆ ಮಾರುತ್ತಿತ್ತು. ಬೀದಿಬದಿ ತರಕಾರಿ ಮಾರುವವರೂ ಮಾಡದ ವ್ಯಾಪಾರ ಇದು.

ಯಾರು ಯಾವ ಪಂಕ್ತಿಯಲ್ಲಿ?

ಕಂಪನಿ ದಿವಾಳಿಯಾದಾಗ ಉಳಿದ ದುಡ್ಡು ಯಾರಿಗೆ ಮೊದಲು ಹೋಗಬೇಕು ಅಂತ ಕಾನೂನು ಒಂದು ಸಾಲು ಮಾಡಿದೆ. ಅಮೆರಿಕದಲ್ಲಿ, ಆಸ್ತಿ ಅಡವಿಟ್ಟುಕೊಂಡು ಸಾಲ ಕೊಟ್ಟವರು ಮೊದಲು. ಆಮೇಲೆ ದಿವಾಳಿ ಪ್ರಕ್ರಿಯೆಯ ವಕೀಲರು ಇತ್ಯಾದಿ ಖರ್ಚು, ನೌಕರರ ಬಾಕಿ ಸಂಬಳ ಒಂದು ಮಿತಿಯವರೆಗೆ. ಆಮೇಲೆ ಅಡಮಾನವಿಲ್ಲದೆ ಕಡ ಕೊಟ್ಟವರು, ಅಂದರೆ ಸಾಮಾನು ಸರಬರಾಜು ಮಾಡಿದವರು, ಕಟ್ಟಡದ ಮಾಲೀಕರು, ಬಾಂಡ್ ಕೊಂಡವರು. ಕಟ್ಟಕಡೆಗೆ ಷೇರುದಾರರು.

ಷೇರುದಾರ ಕೊನೆಗೆ ಯಾಕೆ? ಲಾಭ ಬಂದಾಗ ಅವನಿಗೆ ಮಿತಿಯಿಲ್ಲದ ಪಾಲು, ಹಾಗಾಗಿ ನಷ್ಟ ಬಂದಾಗ ಮೊದಲು ಕಳಕೊಳ್ಳುವವನೂ ಅವನೇ. ಬಂಡವಾಳಶಾಹಿ ತನ್ನ ಬಗ್ಗೆ ತಾನು ಹೇಳಿಕೊಳ್ಳುವ ನ್ಯಾಯ ಇದು. ‘ಅಪಾಯ ಹೊರುವವನಿಗೆ ಪ್ರತಿಫಲ’ ಅಂತ ಅರ್ಥಶಾಸ್ತ್ರದ ಮೇಷ್ಟ್ರು ಹೇಳಿಕೊಟ್ಟಿರುತ್ತಾರೆ.

ಬೈಬ್ಯಾಕ್ ಈ ಸಾಲನ್ನೇ ಸದ್ದಿಲ್ಲದೆ ತಿರುಗಿಸುತ್ತದೆ. ಕೊನೇ ಪಂಕ್ತಿಯಲ್ಲಿ ಕೂರಬೇಕಾದವರಲ್ಲಿ ದೊಡ್ಡವರು, ತಿಳಿದವರು, ಮೊದಲ ಪಂಕ್ತಿಯಲ್ಲೇ ಕೂತು ಉಂಡು ಎದ್ದಿರುತ್ತಾರೆ. 1,180 ಕೋಟಿ ಡಾಲರಿನ ಊಟ. ಕಾನೂನು ಬಂದು ಎಲೆ ಹಾಕಿಸುವಾಗ ಪಾತ್ರೆಯಲ್ಲಿ ತಳ ಕಾಣುತ್ತಿರುತ್ತದೆ. ಪಂಕ್ತಿಭೇದ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಡಿಸುವ ಕ್ರಮದಲ್ಲೇ ರಾಜಕೀಯ ಇರುತ್ತದೆ.

ದಿವಾಳಿ ಹೊತ್ತಿಗೆ 360 ಬೆಡ್ ಬಾತ್ ಮಳಿಗೆಗಳು, ಮಕ್ಕಳ ಸಾಮಾನಿನ 120 ಮಳಿಗೆಗಳು ಉಳಿದಿದ್ದವು. ಸುಮಾರು 14,000 ನೌಕರರಿದ್ದರು. ಡೇಟ್ ಮುಗಿದ ಕಾರ್ಡನ್ನು ನಗುತ್ತಲೇ ತಗೊಳ್ಳುತ್ತಿದ್ದ ಕೌಂಟರಿನವರು, ಎತ್ತರದ ರ‍್ಯಾಕಿನಿಂದ ಏಣಿ ಹಾಕಿ ಕುಕ್ಕರ್ ಇಳಿಸಿಕೊಡುತ್ತಿದ್ದವರು. ಅವರ ಕೊನೆಯ ಕೆಲಸ ತಮ್ಮದೇ ಅಂಗಡಿಯನ್ನು ರ‍್ಯಾಕು ಸಮೇತ ಮಾರಿ ಮುಗಿಸುವುದು. ಆ ವರ್ಷದ ಸೆಪ್ಟೆಂಬರ್ ಕೊನೆಗೆ ಷೇರುಗಳೆಲ್ಲ ರದ್ದಾದವು. ಕೊನೆವರೆಗೂ ನಂಬಿ ಹಿಡಿದುಕೊಂಡಿದ್ದ ಸಣ್ಣ ಹೂಡಿಕೆದಾರರಿಗೆ ಸೊನ್ನೆ. ಓವರ್‌ಸ್ಟಾಕ್ ಎಂಬ ಆನ್‌ಲೈನ್ ಕಂಪನಿ ‘ಬೆಡ್ ಬಾತ್ ಅಂಡ್ ಬಿಯಾಂಡ್’ ಎಂಬ ಹೆಸರು, ವೆಬ್ ವಿಳಾಸ ಇತ್ಯಾದಿಗಳನ್ನು 2.15 ಕೋಟಿ ಡಾಲರಿಗೆ ಕೊಂಡಿತು. 2025ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಅದೇ ಹೆಸರಿನ ಹೊಸ ಅಂಗಡಿಯೂ ತೆರೆಯಿತು. ಹಳೇ ಕೂಪನ್ ತಗೊಳ್ತೀವಿ ಅಂತ ಹೇಳಿದರು. ಹೆಸರು ಬದುಕಿತು, ಕೂಪನ್ ಬದುಕಿತು. ಹಳೇ ಬಾಕಿ ಮಾತ್ರ ಹಳೇ ಕಂಪನಿಯ ಜೊತೆಗೇ ಮಣ್ಣಾಯಿತು.

ಸಾಲಿನ ಮಧ್ಯದಲ್ಲಿರುವ ‘ಅಡಮಾನವಿಲ್ಲದೆ ಕಡ ಕೊಟ್ಟವರು’ ಅನ್ನೋ ಗುಂಪನ್ನು ನಾವು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಮೆರಿಕದ ಮಲಗುವ ಕೋಣೆಗಳಿಗೆ ಬೆಡ್‌ಶೀಟು, ಟವೆಲು ಕಳಿಸುವ ದೊಡ್ಡ ದೇಶಗಳಲ್ಲಿ ಭಾರತವೂ ಒಂದು. ಪಾಣಿಪತ್, ಕರೂರು, ಸೊಲ್ಲಾಪುರದ ಮಗ್ಗಗಳು ಈ ಮಾರುಕಟ್ಟೆಯ ಮೇಲೆ ನಿಂತಿವೆ. ನಮ್ಮ ಹಾಸನದ ವಿಶೇಷ ಆರ್ಥಿಕ ವಲಯದಲ್ಲೇ ಬೆಂಗಳೂರು ಮೂಲದ ಹಿಮತ್‌ಸಿಂಗ್ಕ ಕಂಪನಿಯ ದೊಡ್ಡ ಬೆಡ್‌ಶೀಟ್ ಕಾರ್ಖಾನೆ ಇದೆ. ಅದರ ಮುಖ್ಯ ಮಾರುಕಟ್ಟೆ ಅಮೆರಿಕ. ಇಂಥ ವ್ಯವಹಾರದಲ್ಲಿ ಸಾಮಾನು ಮೊದಲು ಹಡಗು ಹತ್ತುತ್ತದೆ, ದುಡ್ಡು ತಿಂಗಳುಗಟ್ಟಲೆ ಆದಮೇಲೆ ಬರುತ್ತದೆ. ನ್ಯೂಜೆರ್ಸಿಯಲ್ಲಿ ಒಂದು ಆಡಳಿತ ಮಂಡಳಿ ಬೈಬ್ಯಾಕ್‌ಗೆ ಸಹಿ ಹಾಕಿದಾಗ, ಇಂಥ ಯಾವುದೋ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವರ ಓವರ್‌ಟೈಮ್ ಕೂಡ ಆ ಸಹಿಗೆ ಸಿಕ್ಕಿಕೊಂಡಿರುತ್ತದೆ. ಅವರನ್ನು ಯಾರೂ ಕೇಳಿರುವುದಿಲ್ಲ.

ನಮ್ಮ ಎಲೆಯಲ್ಲಿ ಏನಿದೆ?

‘ಅದು ಅಮೆರಿಕದ ಕತೆ ಬಿಡಿ’ ಅನ್ನುವ ಹಾಗಿಲ್ಲ. ಭಾರತದಲ್ಲಿ ಬೈಬ್ಯಾಕ್‌ಗೆ ಅವಕಾಶ ಸಿಕ್ಕಿದ್ದು 1998ರಲ್ಲಿ. ನಮ್ಮ ನಿಯಮಗಳು ಅಮೆರಿಕಕ್ಕಿಂತ ಬಿಗಿಯಾಗಿವೆ, ಅದನ್ನು ಒಪ್ಪಲೇಬೇಕು. ಕಂಪನಿ ಕಾಯ್ದೆ 2013ರ 68ನೇ ಸೆಕ್ಷನ್ ಪ್ರಕಾರ, ಪಾವತಿಯಾದ ಬಂಡವಾಳ ಮತ್ತು ಮುಕ್ತ ಮೀಸಲು ನಿಧಿ ಎರಡೂ ಸೇರಿದ ಮೊತ್ತದ ಶೇ. 25ಕ್ಕಿಂತ ಹೆಚ್ಚು ಬೈಬ್ಯಾಕ್ ಮಾಡುವಂತಿಲ್ಲ. ಮಾಡಿದ ಮೇಲೆ ಸಾಲ, ಬಂಡವಾಳ ಮತ್ತು ಮೀಸಲಿನ ಎರಡು ಪಟ್ಟು ಮೀರಬಾರದು. ಬ್ಯಾಂಕು, ಹಣಕಾಸು ಸಂಸ್ಥೆಗಳಿಂದ ಸಾಲ ತಂದ ದುಡ್ಡಲ್ಲಿ ಮಾಡುವಂತಿಲ್ಲ. ಪೇಟೆಯಲ್ಲಿ ನೇರವಾಗಿ ಕೊಳ್ಳುವ ಪದ್ಧತಿಯನ್ನು ಸೆಬಿ 2025ರ ಹೊತ್ತಿಗೆ ಹಂತ ಹಂತವಾಗಿ ನಿಲ್ಲಿಸಿತು. ಬೈಬ್ಯಾಕ್ ದುಡ್ಡನ್ನು ಡಿವಿಡೆಂಡ್ ಥರ ನೋಡಿ ಷೇರುದಾರರ ಕೈಯಲ್ಲಿ ತೆರಿಗೆ ಹಾಕುವ ಪದ್ಧತಿ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು.

ಈ ನಿಯಮಗಳೆಲ್ಲ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತವೆ: ಎಷ್ಟು ಹಂಚಬಹುದು? ‘ಹಂಚುವ ಮೊದಲು ನೌಕರರನ್ನು ಕೇಳಬೇಕೇ?’ ಅನ್ನೋ ಪ್ರಶ್ನೆ ಅಲ್ಲಿಲ್ಲ.

ಬೆಂಗಳೂರಿನಲ್ಲಿ ಕೂತು ಈ ಮಾತಾಡುವಾಗ ಐಟಿ ಕಂಪನಿಗಳನ್ನು ಬಿಟ್ಟು ಮಾತಾಡುವುದು ಹೇಗೆ? ಇನ್ಫೋಸಿಸ್ 2017ರಲ್ಲಿ 13,000 ಕೋಟಿ, 2019ರಲ್ಲಿ 8,260 ಕೋಟಿ, 2021ರಲ್ಲಿ 9,200 ಕೋಟಿ, 2022ರಲ್ಲಿ 9,300 ಕೋಟಿ, 2025ರಲ್ಲಿ 18,000 ಕೋಟಿ ರೂಪಾಯಿಯ ಬೈಬ್ಯಾಕ್ ಘೋಷಿಸಿತು. ಐದೂ ಸೇರಿದರೆ 57,760 ಕೋಟಿ. ಕೊನೆಯ ಬೈಬ್ಯಾಕ್‌ನಲ್ಲಿ ಭಾಗವಹಿಸುವುದಿಲ್ಲ ಎಂದು ಪ್ರವರ್ತಕರು ಹೇಳಿದರು, ಅದೂ ದಾಖಲೆಯಲ್ಲಿರಲಿ. ಇನ್ನೊಂದು ಮಾತು, ಇನ್ಫೋಸಿಸ್ ಬೆಡ್ ಬಾತ್ ಅಲ್ಲ. ಅದರ ಬಳಿ ನಗದು ಇದೆ, ವ್ಯವಹಾರ ಲಾಭದಲ್ಲಿದೆ, ಸಾಲ ಎತ್ತಿ ಹಂಚಿದ್ದಲ್ಲ. ಅದು ಮುಳುಗುತ್ತದೆ ಅಂತ ನಾನು ಹೇಳಿದರೆ ಓದಿದ ಲೆಕ್ಕಕ್ಕೇ ಅವಮಾನ.

ನನ್ನ ಪ್ರಶ್ನೆ ಬೇರೆ. ದೇಶದ ದೊಡ್ಡ ಐಟಿ ಸೇವಾ ಕಂಪನಿಗಳಲ್ಲಿ ಹೊಸದಾಗಿ ಸೇರುವ ಹೆಚ್ಚಿನ ಎಂಜಿನಿಯರ್‌ಗಳ ಸಂಬಳ ಹದಿನೈದು ವರ್ಷಗಳಿಂದ ವರ್ಷಕ್ಕೆ ಮೂರರಿಂದ ನಾಲ್ಕು ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಅಷ್ಟರಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನೋದು ಈ ಸೈಟ್ ಓದುವ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಕೆಲಸಕ್ಕಿದ್ದ ಕಂಪನಿಯೊಂದರಲ್ಲಿ ‘ಈ ವರ್ಷ ಪರಿಸ್ಥಿತಿ ಕಷ್ಟ ಇದೆ, ಹೈಕ್ ಇಲ್ಲ’ ಅನ್ನೋ ಮೇಲ್ ಬಂದ ಕೆಲವೇ ವಾರಕ್ಕೆ ಷೇರುದಾರರಿಗೆ ದೊಡ್ಡ ಮೊತ್ತ ಹಂಚುವ ಸುದ್ದಿ ಪೇಪರಿನಲ್ಲಿ ಬಂತು. ಕ್ಯಾಂಟೀನಿನಲ್ಲಿ ಇಬ್ಬರು ಮೂವರು ಮುಖ ಮುಖ ನೋಡಿಕೊಂಡೆವು. ಯಾರನ್ನು ಕೇಳಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಯೂನಿಯನ್ ಇರಲಿಲ್ಲ. ಕಾಫಿ ಕುಡಿದು ಸೀಟಿಗೆ ಹೋದೆವು.

ನಮ್ಮ ದಿವಾಳಿ ಸಂಹಿತೆ 2016ರ 53ನೇ ಸೆಕ್ಷನ್ ಓದಿ ನೋಡಿ. ಕಂಪನಿಯನ್ನು ಮುಚ್ಚಿ ಆಸ್ತಿ ಹಂಚುವಾಗ, ಕಾರ್ಮಿಕರ 24 ತಿಂಗಳ ಬಾಕಿಗೆ ಅಡಮಾನದ ಸಾಲಗಾರರ ಸಮಾನ ಸ್ಥಾನ ಇದೆ. ಇತರ ನೌಕರರ 12 ತಿಂಗಳ ಬಾಕಿ ಅದರ ನಂತರ. ಸಾಮಾನು ಸರಬರಾಜು ಮಾಡಿದ ಸಣ್ಣ ಉದ್ಯಮಿ ಅದಕ್ಕಿಂತ ಎಷ್ಟೋ ಕೆಳಗೆ. ಷೇರುದಾರ ಕಟ್ಟಕಡೆಗೆ. ಕಾಗದದ ಮೇಲೆ ಒಳ್ಳೆಯ ಪಂಕ್ತಿಯೇ. ಆದರೆ ಅದು ಶುರುವಾಗುವುದು ಕಂಪನಿ ಸತ್ತ ಮೇಲೆ. ಬದುಕಿರುವಾಗ ಬಡಿಸುವ ಸೌಟು ಯಾರ ಕೈಲಿದೆ ಅನ್ನೋದರ ಬಗ್ಗೆ ಅಲ್ಲೇನೂ ಇಲ್ಲ.

ಏನು ಕೇಳಬಹುದು?

ಬೈಬ್ಯಾಕ್ ಅನ್ನೇ ನಿಷೇಧಿಸಿ ಅನ್ನುವ ವಾದ ಅಮೆರಿಕದಲ್ಲಿ ಇದೆ. ಅಲ್ಲಿಯವರೆಗೆ ಹೋಗದೆಯೂ ಮೂರು ಬೇಡಿಕೆ ಇಡಬಹುದು.

ಮೊದಲನೆಯದು, ನಷ್ಟದ ವರ್ಷದಲ್ಲಿ ಬೈಬ್ಯಾಕ್ ಬೇಡ. ಹಳೇ ಮೀಸಲು ನಿಧಿ ಎಷ್ಟೇ ಇರಲಿ. ಬೆಡ್ ಬಾತ್‌ಗೆ ಈ ಒಂದು ತಡೆ ಇದ್ದಿದ್ದರೆ ಕೊನೆಯ ಆ 59 ಕೋಟಿ ಡಾಲರ್ ಉಳಿಯುತ್ತಿತ್ತು, ಸರಬರಾಜುದಾರರಿಗೆ ಕೊಡಲಿಕ್ಕೆ ಅದೇ ದುಡ್ಡು ಕೈಯಲ್ಲಿರುತ್ತಿತ್ತು.

ಎರಡನೆಯದು, ಬೈಬ್ಯಾಕ್ ನಿರ್ಧರಿಸುವ ಅಧಿಕಾರಿಗಳ ಬೋನಸ್ ಲೆಕ್ಕ ಹಾಕುವಾಗ ಷೇರು ಸಂಖ್ಯೆ ಕಡಿಮೆಯಾದದ್ದರಿಂದ ಬಂದ ಏರಿಕೆಯನ್ನು ಕಳೆಯಬೇಕು. ಹತ್ತು ಒಬ್ಬಟ್ಟನ್ನು ಎಂಟು ಜನಕ್ಕೆ ಬಡಿಸಿದ್ದಕ್ಕೆ ಅಡುಗೆಯವನಿಗೆ ಬಹುಮಾನ ಕೊಡಬಾರದು.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು, ಎಲ್ಲಕ್ಕಿಂತ ಮುಖ್ಯವಾದದ್ದು. ಬೈಬ್ಯಾಕ್ ಘೋಷಣೆಯ ಜೊತೆಗೇ ಆ ವರ್ಷದ ಸಂಬಳ ಏರಿಕೆ ಎಷ್ಟು, ಎಷ್ಟು ಜನರನ್ನು ತೆಗೆಯಲಾಗಿದೆ, ಸಣ್ಣ ಉದ್ಯಮಗಳಿಗೆ ಎಷ್ಟು ಬಾಕಿ ಇದೆ ಅನ್ನೋದನ್ನು ಒಂದೇ ಪುಟದಲ್ಲಿ ಪ್ರಕಟಿಸಬೇಕು. ಷೇರುದಾರರಿಗೆ ಮತ ಹಾಕುವ ಹಕ್ಕಿದೆ. ನೌಕರರಿಗೆ ಕನಿಷ್ಠ ಓದುವ ಹಕ್ಕಾದರೂ ಇರಲಿ.

‘ಕಂಪನಿ ದುಡ್ಡು ಮಾಲೀಕರದ್ದು, ಕೇಳೋಕೆ ನೀವ್ಯಾರು?’ ಅಂತ ಕಾಮೆಂಟ್ ಬರುತ್ತೆ, ಗೊತ್ತು. ಅದಕ್ಕೆ ಉತ್ತರ ಬೆಡ್ ಬಾತ್ ಮಳಿಗೆಯಲ್ಲೇ ಇದೆ. ಆ ಅಂಗಡಿಯನ್ನು ಕಟ್ಟಿದವರಲ್ಲಿ ಸ್ಥಾಪಕರಿಬ್ಬರ ಜೊತೆಗೆ ಊರಿಗೆ ಬೇಕಾದ ಬಾಣಲೆ ಯಾವುದು ಅಂತ ಗೊತ್ತಿದ್ದ ಮ್ಯಾನೇಜರ್ ಇದ್ದರು, ಕಡದ ಮೇಲೆ ಟವೆಲ್ ಕಳಿಸಿದ ಸರಬರಾಜುದಾರರಿದ್ದರು, ಡ್ರಾಯರ್ ತುಂಬ ಕಾರ್ಡ್ ಜೋಡಿಸಿಟ್ಟುಕೊಂಡ ಗಿರಾಕಿಗಳಿದ್ದರು. ಷೇರು ಕೊಂಡು ಮಾರಿ ಹೋದವರು ಬಂದಿದ್ದೂ ಗೊತ್ತಾಗಲಿಲ್ಲ, ಹೋಗಿದ್ದೂ ಗೊತ್ತಾಗಲಿಲ್ಲ.

ಕಳೆದ ಸಲ ಅಕ್ಕ ಊರಿಗೆ ಬಂದಾಗ ಕೇಳಿದೆ, ‘ಆ ಕಾರ್ಡ್‌ಗಳೆಲ್ಲ ಏನು ಮಾಡಿದೆ?’ ಅಂತ. ‘ಇನ್ನೂ ಇದಾವೆ. ಎಸೆಯೋಕೆ ಮನಸ್ಸು ಬರಲಿಲ್ಲ’ ಅಂದಳು. 2015ರಲ್ಲಿ ನಾನು ತಂದ ಆ ಅನ್ನದ ಪಾತ್ರೆ ನಮ್ಮ ಮನೆಯಲ್ಲಿ ಇವತ್ತಿಗೂ ಒಲೆ ಮೇಲಿದೆ. ಒಂದು ಹಿಡಿ ಸ್ವಲ್ಪ ಸಡಿಲವಾಗಿದೆ, ಅಷ್ಟೇ.